ಗಂಜಿನಲ್ಲಿ ಮಾಲು, ಪರದೆಯಲ್ಲಿ ಬೆಲೆ

ಎಳ್ಳಮಾವಾಸ್ಯೆ ಮುಗಿದು ಸಂಕ್ರಾಂತಿ ಹತ್ತಿರವಾಗುವ ಹೊತ್ತಿಗೆ ಬೀದರ್ ಜಿಲ್ಲೆಯಲ್ಲಿ ತೊಗರಿ ರಾಶಿ ಜೋರಾಗುತ್ತದೆ. ಕಾಳು ಚೀಲ ಸೇರಿ, ಟ್ರ್ಯಾಕ್ಟರ್, ಟಂಟಂ ಏರಿ ಹುಮನಾಬಾದ್, ಬಸವಕಲ್ಯಾಣದ ಎಪಿಎಂಸಿಗಳಿಗೆ ಬರುತ್ತದೆ. ಈ ಸೀಮೆಯಲ್ಲಿ ಎಪಿಎಂಸಿ ಎನ್ನುವುದು ಕಚೇರಿಯ ಮಾತು. ಜನರ ಬಾಯಲ್ಲಿ ಅದು ಗಂಜ್. ಬೆಳಿಗ್ಗೆ ದಲಾಲರ ಅಡತಿ ಅಂಗಡಿಯ ಮುಂದೆ ಕಾಳು ಸುರಿದ ರೈತನಿಗೆ ಮಧ್ಯಾಹ್ನದ ಮೇಲೆ ಇರುವುದು ಒಂದೇ ಪ್ರಶ್ನೆ: ಟೆಂಡರ್ ಏನಾಯ್ತು? ಉತ್ತರ ಬರುವುದು ಕಂಪ್ಯೂಟರಿನಿಂದ. ತನ್ನ ತೊಗರಿಗೆ ಯಾರು ಎಷ್ಟು ಬರೆದರು, ಬರೆದವರು ಕಾಳನ್ನು ಕೈಯಲ್ಲಿ ಹಿಡಿದು ನೋಡಿದರೋ ಇಲ್ಲವೋ ರೈತನಿಗೆ ಕಾಣುವುದಿಲ್ಲ. ಕಾಣುವುದು ಗೆದ್ದ ದರ ಮಾತ್ರ.

ಆನ್‌ಲೈನ್ ಹರಾಜು ಎಂದರೆ ಹಳೆ ನಾಣ್ಯ, ಹಳೆ ಗಡಿಯಾರಗಳನ್ನು ಮನೆಯಲ್ಲೇ ಕೂತು ಕೊಳ್ಳುವ ವ್ಯವಹಾರವೆಂದು ನಗರದ ಓದುಗರು ಭಾವಿಸಬಹುದು. ಆದರೆ ಕರ್ನಾಟಕದಲ್ಲಿ ಅತಿ ಹೆಚ್ಚು ಜನರ ಬದುಕನ್ನು ಮುಟ್ಟಿದ ಆನ್‌ಲೈನ್ ಹರಾಜು ನಡೆಯುವುದು ಕೃಷಿ ಮಾರುಕಟ್ಟೆಗಳಲ್ಲಿ. 2014ರಿಂದ 2019ರ ನವೆಂಬರ್‌ವರೆಗೆ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ 6.28 ಕೋಟಿ ಟನ್ ಉತ್ಪನ್ನ ಮಾರಾಟವಾಗಿತ್ತು. ಅದರ ಮೌಲ್ಯ 2,170 ಕೋಟಿ ಡಾಲರ್. ಇಷ್ಟು ದೊಡ್ಡ ವ್ಯವಸ್ಥೆಯೊಳಗೆ ತನ್ನ ಹತ್ತು ಚೀಲ ಹೆಸರು, ಹದಿನೈದು ಚೀಲ ತೊಗರಿ ಹೇಗೆ ಮಾರಾಟವಾಗುತ್ತದೆ ಎಂಬುದು ಬೆಳೆದವನಿಗೆ ಸ್ಪಷ್ಟವಾಗಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕಳೆದುಕೊಳ್ಳುವುದು ಅವನೇ.

ಮಾರುಕಟ್ಟೆಗೆ ಕಾನೂನಿನ ಚೌಕಟ್ಟು ಹಾಕುವ ಯತ್ನ ಈ ಭಾಗಕ್ಕೆ ಹೊಸದಲ್ಲ. ದೇಶದ ಮೊದಲ ನಿಯಂತ್ರಿತ ಮಾರುಕಟ್ಟೆ ಎಂದು ಗುರುತಿಸಲಾಗುವ ವಿದರ್ಭದ ಕಾರಂಜಾ ಹತ್ತಿ ಮಾರುಕಟ್ಟೆ 1886ರಲ್ಲಿ ಆರಂಭವಾದದ್ದು ಹೈದರಾಬಾದ್ ರೆಸಿಡೆನ್ಸಿಯ ಆದೇಶದ ಅಡಿಯಲ್ಲಿ. ನಿಜಾಮರ ಸಂಸ್ಥಾನ ಫಸಲಿ 1339ರಲ್ಲಿ, ಅಂದರೆ 1930ರ ಹೊತ್ತಿಗೆ, ತನ್ನದೇ ಕೃಷಿ ಮಾರುಕಟ್ಟೆ ಕಾಯ್ದೆ ತಂದಿತು. ಬೀದರ್ ಆಗ ಆ ಸಂಸ್ಥಾನದ ಜಿಲ್ಲೆ. ತೂಕದಲ್ಲಿ ಮೋಸ, ಮನಬಂದಂತೆ ಕಡಿತ, ಖರೀದಿದಾರರು ಒಳಗೊಳಗೇ ಬೆಲೆ ಮಾತಾಡಿಕೊಳ್ಳುವುದು ಆ ಕಾಯ್ದೆಗಳು ಎದುರಿಸಲು ಹೊರಟ ರೋಗಗಳು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಹತ್ತು ವರ್ಷಗಳ ನಂತರ, 1966ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಎಪಿಎಂಸಿ ಕಾಯ್ದೆ ಬಂತು. ಕಾಯ್ದೆ ಬದಲಾದರೂ ರೋಗದ ಲಕ್ಷಣಗಳು ಸುಲಭವಾಗಿ ಬದಲಾಗಲಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಬೆಲೆ ಹೇಳುವ ಪದ್ಧತಿ ದನದ ಜಾತ್ರೆಗಳಲ್ಲಿ ಇಂದಿಗೂ ಉಳಿದಿದೆ. ಮಾರುವವನ ಕಣ್ಣೆದುರೇ, ಮಾರುವವನಿಗೆ ತಿಳಿಯದಂತೆ ಬೆಲೆ ಕಟ್ಟುವ ವಿಧಾನ ಅದು.

2014ರ ಜನವರಿಯಲ್ಲಿ ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್‌ನ ಸ್ಪಾಟ್ ಎಕ್ಸ್‌ಚೇಂಜ್ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ಕಟ್ಟಿದವು. ಚಿಕ್ಕದಾಗಿ ಅದು ರೆಮ್ಸ್. ಮುಂದಿನ ತಿಂಗಳೇ ಏಕೀಕೃತ ಮಾರುಕಟ್ಟೆ ವೇದಿಕೆಗೆ ಚಾಲನೆ ಸಿಕ್ಕಿತು. ರಾಜ್ಯದ 162 ಎಪಿಎಂಸಿಗಳನ್ನು ಒಂದೇ ಗಣಕಜಾಲಕ್ಕೆ ತರುವುದು, ಖರೀದಿದಾರನಿಗೆ ಇಡೀ ರಾಜ್ಯಕ್ಕೆ ಒಂದೇ ಲೈಸೆನ್ಸ್ ಕೊಡುವುದು ಯೋಜನೆ. ಬಸವಕಲ್ಯಾಣದ ಕಾಳಿಗೆ ಬೆಂಗಳೂರಿನ ಬೇಳೆ ಮಿಲ್ಲಿನವರೂ ದರ ಬರೆಯಬೇಕು, ಹುಮನಾಬಾದಿನ ಉದ್ದಿಗೆ ಹುಬ್ಬಳ್ಳಿಯವರೂ ಪೈಪೋಟಿ ನಡೆಸಬೇಕು ಎಂಬುದು ಕನಸು. 2014-15ರ ಕೇಂದ್ರ ಆರ್ಥಿಕ ಸಮೀಕ್ಷೆ ಈ ಕರ್ನಾಟಕ ಮಾದರಿಯನ್ನು ವಿವರವಾಗಿ ಹೆಸರಿಸಿತು. 2016ರ ಏಪ್ರಿಲ್ 14ರಂದು 8 ರಾಜ್ಯಗಳ 21 ಮಂಡಿಗಳಲ್ಲಿ ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲವಾದ ಇ-ನಾಮ್ ಆರಂಭವಾದಾಗ, ಕರ್ನಾಟಕ ಅದೇ ದಾರಿಯಲ್ಲಿ ಎರಡು ವರ್ಷ ಮುಂದಿತ್ತು. ಇಂದು ಇ-ನಾಮ್‌ನಲ್ಲಿ 1,300ಕ್ಕೂ ಹೆಚ್ಚು ಮಂಡಿಗಳಿವೆ.

ಈಗ ಒಂದು ಲಾಟಿನ ದಿನಚರಿ ನೋಡಬೇಕು. ಲಾಟ್ ಎಂದರೆ ಒಬ್ಬ ರೈತ ಒಂದು ದಿನ ತಂದ ಒಂದು ಬಗೆಯ ಮಾಲು.

ಗೇಟಿನಲ್ಲಿ ರೈತನ ಹೆಸರು, ಊರು, ಮೊಬೈಲ್ ನಂಬರ್, ಬೆಳೆ, ಚೀಲಗಳ ಲೆಕ್ಕ, ಯಾವ ಅಡತಿ ಅಂಗಡಿಗೆ ಹೋಗುತ್ತದೆ ಎಂಬುದು ದಾಖಲಾಗುತ್ತದೆ. ಲಾಟಿಗೆ ಒಂದು ನಂಬರ್ ಬೀಳುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಕಾಳು ಸುರಿಯುತ್ತಾರೆ, ಇಲ್ಲವೇ ಚೀಲದ ಬಾಯಿ ಬಿಚ್ಚಿಡುತ್ತಾರೆ. ಖರೀದಿದಾರರು, ಅವರ ಮುನೀಮರು ಅಂಗಡಿಯಿಂದ ಅಂಗಡಿಗೆ ಸುತ್ತುತ್ತಾರೆ. ಮುಷ್ಟಿ ಕಾಳು ಎತ್ತಿ ಅಂಗೈಯಲ್ಲಿ ಹರಡುತ್ತಾರೆ, ಒಂದನ್ನು ಹಲ್ಲಿಗಿಟ್ಟು ಕಟ್ಟನೆ ಮುರಿಯುತ್ತದೋ ಇಲ್ಲವೋ ನೋಡುತ್ತಾರೆ, ಲಾಟ್ ನಂಬರ್ ಗುರುತು ಹಾಕಿಕೊಂಡು ಮುಂದೆ ಹೋಗುತ್ತಾರೆ. ನಿಗದಿಯಾದ ಗಂಟೆಯೊಳಗೆ ಪ್ರತಿ ಲಾಟಿಗೂ ತಮ್ಮ ದರವನ್ನು ಕಂಪ್ಯೂಟರಿನಲ್ಲಿ ಇಲ್ಲವೇ ಮೊಬೈಲಿನಲ್ಲಿ ಬರೆಯುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದು. ಮುಚ್ಚಿದ ಲಕೋಟೆಯ ಹರಾಜು ಇದು, ಲಕೋಟೆಯ ಜಾಗದಲ್ಲಿ ತಂತ್ರಾಂಶವಿದೆ. ಗಂಟೆ ಮುಗಿದ ಕೂಡಲೇ ಪ್ರತಿ ಲಾಟಿನ ಅತಿ ಹೆಚ್ಚಿನ ದರ ಯಾರದ್ದೆಂದು ಪಟ್ಟಿ ಹೊರಬೀಳುತ್ತದೆ. ರೈತನ ಮೊಬೈಲಿಗೆ ಸಂದೇಶ ಹೋಗುತ್ತದೆ. ಸರ್ವರ್ ನಿಧಾನವಾದ ದಿನ ಇಡೀ ಗಂಜು ಕಾಯುತ್ತದೆ, ತೂಕ ಸಂಜೆಗೆ ಜಾರುತ್ತದೆ, ದೂರದ ಹಳ್ಳಿಯವರು ರಾತ್ರಿ ಮನೆ ಸೇರುತ್ತಾರೆ.

ಪಟ್ಟಿ ಬಂದ ಮೇಲಿನ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಅದರ ಬಗ್ಗೆ ಗಂಜಿನಲ್ಲಿ ಮಾತು ಕಡಿಮೆ.

ಆ ದರಕ್ಕೆ ಒಪ್ಪಿಗೆ ಇಲ್ಲ ಎನ್ನುವ ಹಕ್ಕು ರೈತನಿಗಿದೆ. ಗೆದ್ದ ದರ ಹಿಡಿಸದಿದ್ದರೆ ಲಾಟನ್ನು ಆ ದಿನ ಮಾರದೆ ಉಳಿಸಿಕೊಳ್ಳಬಹುದು, ಮರುದಿನದ ಟೆಂಡರಿಗೆ ಇಡಬಹುದು. ಖರೀದಿದಾರ ಮುನಿಸಿಕೊಳ್ಳುವ ಪ್ರಶ್ನೆಯೇ ಇಲ್ಲ, ನಿಯಮವೇ ಹಾಗಿದೆ. ಆದರೆ ಹಕ್ಕು ಕಾಗದದಲ್ಲಿ ಇರುವುದಕ್ಕೂ ಅದನ್ನು ಚಲಾಯಿಸುವುದಕ್ಕೂ ನಡುವೆ ಬಾಡಿಗೆ ಗಾಡಿ ನಿಂತಿರುತ್ತದೆ, ರಾತ್ರಿ ಮಾಲು ಕಾಯುವ ಚಿಂತೆ ಇರುತ್ತದೆ, ಬ್ಯಾಂಕಿನ ಕಂತು, ಮಗಳ ಕಾಲೇಜು ಫೀಸು ಇರುತ್ತದೆ. ಅಡತಿಯವರ ಬಳಿ ಬಿತ್ತನೆ ಕಾಲದಲ್ಲಿ ಕೈಗಡ ತಂದಿದ್ದರೆ ಬೇಡ ಎನ್ನುವ ಮಾತು ಗಂಟಲಲ್ಲೇ ಉಳಿಯುತ್ತದೆ. ಹೀಗಾಗಿ ಒಪ್ಪಿಗೆಯ ಗುಂಡಿ ಒತ್ತುವ ಕೆಲಸ ಎಷ್ಟೋ ಸಲ ರೈತನ ಪರವಾಗಿ ಅಡತಿ ಅಂಗಡಿಯಲ್ಲೇ ಆಗಿಹೋಗುತ್ತದೆ. ಇಲ್ಲಿ ಒಂದು ಸಣ್ಣ ಬದಲಾವಣೆ ದೊಡ್ಡ ಕೆಲಸ ಮಾಡಬಲ್ಲದು. ಆವರಣದ ಉಗ್ರಾಣದಲ್ಲಿ ಕಡಿಮೆ ಖರ್ಚಿನಲ್ಲಿ ನಾಲ್ಕು ದಿನ ಮಾಲು ಇಡಲು ಜಾಗ, ಇಟ್ಟ ಮಾಲಿನ ಮೇಲೆ ಕೈಗೆ ಸ್ವಲ್ಪ ಹಣ. ಎಪಿಎಂಸಿಗಳ ಅಡಮಾನ ಸಾಲದ ಯೋಜನೆ ಇರುವುದೇ ಇದಕ್ಕಾಗಿ. ಅದು ಸುಗ್ಗಿಯ ಹೊತ್ತಿಗೆ, ಸಣ್ಣ ರೈತನ ಕೈಗೆ, ಅಲೆದಾಟವಿಲ್ಲದೆ ಸಿಗಬೇಕು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಕರ್ನಾಟಕದ ಕಾನೂನಿನ ಪ್ರಕಾರ ದಲಾಲಿ ಕೊಡಬೇಕಾದವನು ಖರೀದಿದಾರ. ಮಾರುಕಟ್ಟೆ ಶುಲ್ಕವೂ ಅವನದ್ದೇ. ರೈತನ ಲೆಕ್ಕದ ಚೀಟಿಯಲ್ಲಿ ದಲಾಲಿ ಎಂದು ಕಡಿದರೆ ಅದು ನಿಯಮಬಾಹಿರ. ಸ್ಯಾಂಪಲ್ ಎಂದೋ ಸೂಟು ಎಂದೋ ಕ್ವಿಂಟಲಿಗೆ ಇಷ್ಟು ಎಂದು ಕಾಳು ತೆಗೆಯುವುದಕ್ಕೂ ಕಾನೂನಿನ ಒಪ್ಪಿಗೆಯಿಲ್ಲ. ಪರದೆಯ ಮೇಲಿನ ದರ ಎಷ್ಟೇ ಪಾರದರ್ಶಕವಾಗಿರಲಿ, ತಕ್ಕಡಿಯ ಪಕ್ಕದಲ್ಲಿ ನಡೆಯುವ ಕಡಿತ ಅದನ್ನು ತಿಂದುಹಾಕಬಲ್ಲದು.

ಹಾಗಾದರೆ ಈ ಆನ್‌ಲೈನ್ ಟೆಂಡರಿನಿಂದ ಬೆಲೆ ಏರಿತೇ? ಇದಕ್ಕೆ ಊಹೆಯ ಅಗತ್ಯವಿಲ್ಲ, ಅಧ್ಯಯನವೇ ಇದೆ. ಅಮೆರಿಕದ ಎಂಐಟಿಯ ರೆಟ್ಸೆಫ್ ಲೆವಿ, ಕರೆನ್ ಝೆಂಗ್ ಮತ್ತು ಸಂಗಡಿಗರು ಕರ್ನಾಟಕದ ಈ ವೇದಿಕೆಯ ಲೆಕ್ಕಗಳನ್ನು ಅಳೆದು ನೋಡಿದರು. ಭತ್ತದ ಬೆಲೆ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿದ್ದನ್ನು ಕಂಡರು. ಹತ್ತಿ, ಹೆಸರು, ತೊಗರಿಯಲ್ಲಿ ಮಾತ್ರ ಎದ್ದುಕಾಣುವ ಬದಲಾವಣೆ ಸಿಗಲಿಲ್ಲ. ಬೀದರ್ ಜಿಲ್ಲೆಯ ಓದುಗರು ಈ ಕೊನೆಯ ಸಾಲನ್ನು ಎರಡು ಸಲ ಓದಬೇಕು. ಹೆಸರು ಮತ್ತು ತೊಗರಿ ಇಲ್ಲಿನ ಹೊಲಗಳ ಮುಖ್ಯ ಬೆಳೆಗಳಲ್ಲಿ ಸೇರಿವೆ. ದಾವಣಗೆರೆಯ ಮೆಕ್ಕೆಜೋಳದವರಿಗೆ ನೆರವಾದ ವ್ಯವಸ್ಥೆ ಬಸವಕಲ್ಯಾಣದ ತೊಗರಿಯವರಿಗೆ ಅಷ್ಟು ಒದಗಲಿಲ್ಲ.

ಕಾರಣ ಹುಡುಕುತ್ತ ಹೋದರೆ ಹರಾಜಿನ ಶಾಸ್ತ್ರದ ಬಳಿಗೇ ಬರಬೇಕಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ 2020ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಹರಾಜುಗಳ ಅಧ್ಯಯನಕ್ಕೆ. ಅವರ ಕೆಲಸದ ಒಂದು ಎಳೆ ಗಂಜಿಗೆ ನೇರವಾಗಿ ಅನ್ವಯಿಸುತ್ತದೆ. ವಸ್ತುವಿನ ನಿಜವಾದ ಬೆಲೆ ಯಾರಿಗೂ ಖಚಿತವಿಲ್ಲದಾಗ, ಹರಾಜು ಗೆಲ್ಲುವವನು ಅದರ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಅಂದಾಜಿಸಿದವನು; ಎಂದರೆ ಮೋಸಹೋಗುವ ಸಂಭವವೂ ಅವನಿಗೇ ಹೆಚ್ಚು. ಅನುಭವಿ ಖರೀದಿದಾರನಿಗೆ ಇದು ಗೊತ್ತು. ಆದ್ದರಿಂದ ಅವನು ತನ್ನ ಅಂದಾಜಿಗಿಂತ ಕೆಳಗಿನ ದರ ಬರೆಯುತ್ತಾನೆ. ವಸ್ತುವಿನ ಬಗ್ಗೆ ನಂಬಬಹುದಾದ ಮಾಹಿತಿ ಹೆಚ್ಚಿದಷ್ಟೂ ಈ ಹಿಂಜರಿಕೆ ಕಡಿಮೆಯಾಗುತ್ತದೆ, ದರ ಮೇಲೇಳುತ್ತದೆ.

ತೊಗರಿಗೆ ಇದನ್ನು ಹೊಂದಿಸಿ ನೋಡಿದರೆ ವಿಷಯ ಕಣ್ಣಿಗೆ ಕಟ್ಟುತ್ತದೆ. ಬೇಳೆ ಮಿಲ್ಲಿನವನಿಗೆ ಬೇಕಾದ್ದು ಕಾಳಿನ ತೇವ ಎಷ್ಟು, ಹುಳು ಬಿದ್ದದ್ದು ಎಷ್ಟು, ಮಣ್ಣು ಕಡ್ಡಿ ಎಷ್ಟು, ಕ್ವಿಂಟಲಿಗೆ ಬೇಳೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. ಕಟ್ಟೆಯ ಮೇಲೆ ನಿಂತ ಸ್ಥಳೀಯ ಖರೀದಿದಾರ ಇದನ್ನು ಕೈ, ಕಣ್ಣು, ಹಲ್ಲುಗಳಿಂದ ಒಂದಿಷ್ಟು ಅಂದಾಜಿಸುತ್ತಾನೆ. ಬೆಂಗಳೂರಿನಲ್ಲಿ ಕೂತವನಿಗೆ ಪರದೆಯಲ್ಲಿ ಕಾಣುವುದು ತೊಗರಿ, ಇಷ್ಟು ಚೀಲ, ಇಂಥ ಅಂಗಡಿ. ಅಷ್ಟರ ಮೇಲೆ ಲಕ್ಷಗಟ್ಟಲೆ ಹಣದ ದರ ಬರೆಯುವ ಧೈರ್ಯ ಯಾರಿಗಿದೆ? ಲೈಸೆನ್ಸ್ ಇಡೀ ರಾಜ್ಯಕ್ಕೆ ಸಿಕ್ಕಿದರೂ ಖರೀದಿದಾರ ತನ್ನ ಊರಿನಲ್ಲೇ ಉಳಿಯುತ್ತಾನೆ. ಹುಮನಾಬಾದ್, ಬಸವಕಲ್ಯಾಣದಂಥ ತಾಲ್ಲೂಕು ಮಾರುಕಟ್ಟೆಯಲ್ಲಿ ದರ ಬರೆಯುವವರು ಮೊದಲೇ ಕೆಲವರು, ಒಬ್ಬರನ್ನೊಬ್ಬರು ದಿನಾ ನೋಡುವವರು. ಅವರಷ್ಟೇ ಕಂಪ್ಯೂಟರ್ ಮುಂದೆ ಕೂತರೆ ಪೈಪೋಟಿ ತಾನಾಗಿ ಹುಟ್ಟುವುದಿಲ್ಲ.

ಅಪರಿಚಿತರ ನಡುವೆ ನಂಬಿಕೆ ಹುಟ್ಟಿಸುವ ಈ ತೊಡಕನ್ನು ಆನ್‌ಲೈನ್ ಹರಾಜಿನ ಮೂಲಪುರುಷರೂ ಎದುರಿಸಿದ್ದರು. ಪಿಯರ್ ಓಮಿಡ್ಯಾರ್ 1995ರಲ್ಲಿ ಶುರುಮಾಡಿದ ತಾಣದಲ್ಲಿ, ಮುಂದೆ ಇ-ಬೇ ಎಂದು ಹೆಸರಾದದ್ದರಲ್ಲಿ, ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಎಂದು ಮಾರಿದವನು ಮೊದಲೇ ಹೇಳಿದ್ದ. ಗೊತ್ತಿದ್ದೇ ಒಬ್ಬರು ಕೊಂಡರು. ಮಾರಾಟವಾದ ಮೇಲೆ ಕೊಂಡವರು ಮಾರಿದವರ ಬಗ್ಗೆ ಬರೆಯುವ ಒಳ್ಳೆಯ, ಕೆಟ್ಟ ಮಾತುಗಳೇ ಅಲ್ಲಿ ವ್ಯಾಪಾರದ ಬುನಾದಿಯಾದವು. ಗಂಜಿನಲ್ಲಿ ರೈತನ ಹೆಸರಿಗೆ ಅಂಥ ಯಾವ ದಾಖಲೆಯೂ ಜಮೆಯಾಗುವುದಿಲ್ಲ. ವರ್ಷವರ್ಷವೂ ಒಣಗಿಸಿ, ತೂರಿ, ಚೊಕ್ಕ ಕಾಳು ತರುವ ಹಿರಿಯ ರೈತನಿಗೂ ಹಸಿ ಕಾಳು ತುಂಬಿ ತಂದವನಿಗೂ ಪರದೆಯಲ್ಲಿ ವ್ಯತ್ಯಾಸವಿಲ್ಲ. ನಂಬಿಕೆ ಇರುವುದು ಅಡತಿ ಅಂಗಡಿಯ ಹೆಸರಿನ ಮೇಲೆ. ಆನ್‌ಲೈನ್ ಬಂದ ಮೇಲೂ ಅಡತಿಯವರ ಜಾಗ ಅಲುಗಾಡದಿರುವುದಕ್ಕೆ ಇದೂ ಒಂದು ಕಾರಣ. ಅವರು ಸಾಲ ಕೊಡುತ್ತಾರೆ, ಮಾಲು ಕಾಯುತ್ತಾರೆ, ಖರೀದಿದಾರನಿಂದ ಹಣ ವಸೂಲು ಮಾಡುವ ಹೊಣೆ ಹೊರುತ್ತಾರೆ. ಅವರನ್ನು ಬರೀ ಮಧ್ಯವರ್ತಿ ಎಂದು ತಳ್ಳಿಹಾಕುವುದು ಸುಲಭ. ಅವರು ಮಾಡುವ ಕೆಲಸಗಳನ್ನು ಬೇರೆ ಯಾರು ಮಾಡುತ್ತಾರೆಂದು ಹೇಳದೆ ಹಾಗೆ ತಳ್ಳುವುದು ರೈತನಿಗೇ ಅನ್ಯಾಯ.

ಹರಾಜಿನ ವಿಧಾನವನ್ನೇ ಸ್ವಲ್ಪ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಕರ್ನಾಟಕದಲ್ಲೇ ಉದಾಹರಣೆಯಿದೆ. ಅದೇ ಸಂಶೋಧಕರು ರೆಮ್ಸ್ ಜೊತೆಗೂಡಿ 2019ರ ಫೆಬ್ರವರಿಯಲ್ಲಿ ರಾಜ್ಯದ ದೊಡ್ಡ ಬೇಳೆಕಾಳು ಮಾರುಕಟ್ಟೆಯೊಂದರಲ್ಲಿ ಎರಡು ಸುತ್ತಿನ ಟೆಂಡರ್ ತಂದರು. ಮೊದಲ ಸುತ್ತು ಎಂದಿನಂತೆ. ಅದರಲ್ಲಿ ಮೇಲಿನ ದರ ಬರೆದವರಿಗೆ ಎರಡನೇ ಸುತ್ತಿನಲ್ಲಿ ದರ ಏರಿಸಲು ಮತ್ತೊಂದು ಅವಕಾಶ. ಬೇರೆ ಮಾರುಕಟ್ಟೆಗಳ ಜೊತೆ ಹೋಲಿಸಿದಾಗ ಬೆಲೆ ಶೇ 4.7ರಷ್ಟು ಹೆಚ್ಚಿತ್ತು. ಕ್ವಿಂಟಲಿಗೆ 7,550 ರೂಪಾಯಿಯ ತೊಗರಿಗೆ ಇದನ್ನು ಲೆಕ್ಕ ಹಾಕಿದರೆ ಸುಮಾರು 355 ರೂಪಾಯಿ. ಹತ್ತು ಕ್ವಿಂಟಲಿಗೆ ಮೂರೂವರೆ ಸಾವಿರ. ಹೊಸ ಕಟ್ಟಡವಿಲ್ಲ, ಹೊಸ ಸಹಾಯಧನವಿಲ್ಲ. ಬದಲಾದದ್ದು ದರ ಬರೆಯುವ ಕ್ರಮ. ಇದನ್ನು ಬೀದರ್ ಜಿಲ್ಲೆಯ ಗಂಜುಗಳಲ್ಲೂ ನಡೆಸಬೇಕೆಂದು ಇಲ್ಲಿನ ರೈತ ಸಂಘಟನೆಗಳು, ಎಪಿಎಂಸಿ ಸದಸ್ಯರು ಪಟ್ಟು ಹಿಡಿಯಬೇಕು.

ಗಡಿಯ ಮಾತು ಬೇರೆಯೇ ಇದೆ. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದ್, ಬಸವಕಲ್ಯಾಣ ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ಹುಮನಾಬಾದ್ ರೈಲಿನ ನಕ್ಷೆಯಲ್ಲೂ ಸೇರಿತು. ಪಶ್ಚಿಮಕ್ಕೆ ಉಮರ್ಗಾ, ಸೊಲ್ಲಾಪುರ, ಉತ್ತರಕ್ಕೆ ಉದಗೀರ, ಲಾತೂರ, ಪೂರ್ವಕ್ಕೆ ಜಹೀರಾಬಾದ್. ಸೋಯಾಬೀನ್ ವ್ಯಾಪಾರದಲ್ಲಿ ಲಾತೂರಿನ ದರವೇ ಈ ಸೀಮೆಗೆ ಅಳತೆಗೋಲು. ಬಸವಕಲ್ಯಾಣದ ರೈತ ತನ್ನ ಗಂಜಿನ ಟೆಂಡರಿಗಿಂತ ಮೊದಲು ಲಾತೂರಿನ ಭಾವ ಎಷ್ಟೆಂದು ಫೋನಿನಲ್ಲಿ ಕೇಳುತ್ತಾನೆ, ಬಾಡಿಗೆ ಕಳೆದು ಲಾಭವಿದ್ದರೆ ಗಾಡಿಯನ್ನು ಆ ಕಡೆ ತಿರುಗಿಸುತ್ತಾನೆ. ನಿಜವಾದ ಏಕೀಕೃತ ಮಾರುಕಟ್ಟೆಯನ್ನು ಅವನು ಹೀಗೆ ಮೊಬೈಲು ಮತ್ತು ಟ್ರ್ಯಾಕ್ಟರಿನಿಂದ ತಾನೇ ಮಾಡಿಕೊಂಡಿದ್ದಾನೆ. 2020ರ ಮೇ 1ರಂದು ಕರ್ನಾಟಕದ ವೇದಿಕೆಗೂ ಇ-ನಾಮ್‌ಗೂ ಸಂಪರ್ಕ ಕಲ್ಪಿಸಲಾಯಿತು. ಲಾತೂರಿನ ಎಣ್ಣೆ ಗಿರಣಿಯವನು ಬಸವಕಲ್ಯಾಣದ ಲಾಟಿಗೆ ಅಲ್ಲಿಂದಲೇ ದರ ಬರೆಯುವಷ್ಟು ಆ ಸಂಪರ್ಕ ಬಲಗೊಂಡರೆ ಬಾಡಿಗೆಯ ಭಾರ ಖರೀದಿದಾರನ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೂ ಬೇಕಾದದ್ದು ಮತ್ತೆ ಅದೇ: ನಂಬಬಹುದಾದ ಗುಣಮಟ್ಟದ ಚೀಟಿ.

2020ರ ಏರಿಳಿತ ಗಂಜುಗಳಿಗೆ ಪೆಟ್ಟು ಕೊಟ್ಟಿತು. ಆವರಣದ ಹೊರಗಿನ ಖರೀದಿಗೆ ಅವಕಾಶ ಕೊಡುವ ತಿದ್ದುಪಡಿ ಎಪಿಎಂಸಿ ಕಾಯ್ದೆಗೆ ಬಂತು. ನೂರಕ್ಕೆ ಒಂದೂವರೆ ರೂಪಾಯಿಯಿದ್ದ ಮಾರುಕಟ್ಟೆ ಶುಲ್ಕ 35 ಪೈಸೆಗೆ ಇಳಿದು, ಆಮೇಲೆ 60 ಪೈಸೆಗೆ ಏರಿತು. ಹಳ್ಳಿಯ ಬಾಗಿಲಲ್ಲೇ ಮಾರಿದ ಮಾಲಿಗೆ ಟೆಂಡರ್ ಇಲ್ಲ. ಆವರಣಕ್ಕೆ ಬರುವ ಮಾಲು ಕಡಿಮೆಯಾದಷ್ಟು ಅಲ್ಲಿನ ಪೈಪೋಟಿಯೂ ತೆಳುವಾಗುತ್ತದೆ. 2023ರ ಜುಲೈನಲ್ಲಿ ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು.

ಆನ್‌ಲೈನ್ ಹರಾಜು ಬೆಲೆಯನ್ನು ಕಂಡುಹಿಡಿಯುತ್ತದೆ, ಹುಟ್ಟಿಸುವುದಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟುಹೋದವು. ಅಲ್ಲಿಯೂ ದರ ನಿಗದಿಯಾಗುವುದು ಇ-ಟೆಂಡರಿನಲ್ಲೇ. ಅದೇ ವರ್ಷದ ಹಿಂಗಾರಿಗೆ ಮುನ್ನ ಸೋಯಾಬೀನ್‌ಗೆ ಕೇಂದ್ರದ ಬೆಂಬಲ ಬೆಲೆ 4,892 ರೂಪಾಯಿಯಿದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. 2025ರ ಆರಂಭದಲ್ಲಿ ತೊಗರಿಯ ಪೇಟೆ ದರವೂ 7,550ರ ಬೆಂಬಲ ಬೆಲೆಗಿಂತ ಇಳಿಯಿತು. ರಾಜ್ಯ ಸರ್ಕಾರ ಕ್ವಿಂಟಲಿಗೆ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿ ನಡೆಸಬೇಕಾಯಿತು. ವಿದೇಶದ ತೊಗರಿ ಸುಂಕವಿಲ್ಲದೆ ಬಂದಿಳಿಯುವಾಗ ಹುಮನಾಬಾದಿನ ಟೆಂಡರಿನಲ್ಲಿ ಎಷ್ಟು ಸುತ್ತುಗಳಿದ್ದರೂ ಪೇಟೆಯ ಒಟ್ಟು ದರ ಏಳುವುದಿಲ್ಲ. ಪೇಟೆಯ ದರ, ಗಂಜಿನ ಹರಾಜು ಇವೆರಡನ್ನೂ ಬೆರೆಸಬಾರದು. ಪೇಟೆಯ ದರ ಬಿದ್ದದ್ದಕ್ಕೆ ಗಂಜನ್ನು ಬೈದರೆ ದಿಲ್ಲಿಯ ತೀರ್ಮಾನ ಮರೆಯಾಗುತ್ತದೆ. ಎಲ್ಲವೂ ದಿಲ್ಲಿಯದೇ ತಪ್ಪೆಂದರೆ ಗಂಜಿನಲ್ಲಿ ಸರಿಪಡಿಸಬಹುದಾದದ್ದು ಹಾಗೇ ಉಳಿಯುತ್ತದೆ.

ಸರಿಪಡಿಸಬಹುದಾದ ಮೊದಲ ಸಂಗತಿ ತೇವಮಾಪಕ ಮತ್ತು ಪರೀಕ್ಷಾ ಕೇಂದ್ರ. ಬೆಂಬಲ ಬೆಲೆಯ ಖರೀದಿಯಲ್ಲಿ ತೊಗರಿ, ಸೋಯಾಗಳಿಗೆ ತೇವದ ಮಿತಿ ಶೇ 12. 2024ರ ನವೆಂಬರ್‌ನಲ್ಲಿ ಸೋಯಾಕ್ಕೆ ಅದನ್ನು ಆ ಹಂಗಾಮಿನ ಮಟ್ಟಿಗೆ ಶೇ 15ಕ್ಕೆ ಸಡಿಲಿಸಬೇಕಾಯಿತೆಂದರೆ ಸುಗ್ಗಿಯ ಕಾಳಿನಲ್ಲಿ ತೇವ ಎಷ್ಟು ದೊಡ್ಡ ವಿಷಯವೆಂದು ತಿಳಿಯುತ್ತದೆ. ಗೇಟಿನಲ್ಲಿ ಲಾಟ್ ನಂಬರ್ ಕೊಡುವಾಗಲೇ ಮುಷ್ಟಿ ಕಾಳನ್ನು ಯಂತ್ರಕ್ಕೆ ಹಾಕಿ ತೇವ, ಕಸ, ಹುಳುಕಿನ ಪ್ರಮಾಣವನ್ನು ರೈತನ ಎದುರೇ ಓದಿ, ಅದೇ ಅಂಕಿಯನ್ನು ಟೆಂಡರಿನ ಪರದೆಗೆ ಹಾಕಿದರೆ ಚೊಕ್ಕ ಮಾಲಿಗೆ ಚೊಕ್ಕ ದರ ಕೇಳುವ ಆಧಾರ ಸಿಗುತ್ತದೆ. ಇದಕ್ಕೆ ಬೇಕಾಗುವುದು ಯಂತ್ರಕ್ಕಿಂತ ಹೆಚ್ಚಾಗಿ ಸುಗ್ಗಿಯ ಎರಡು ತಿಂಗಳು ಬಿಡುವಿಲ್ಲದೆ ನಿಂತು ಕೆಲಸ ಮಾಡುವ, ಯಾರ ಮುಲಾಜಿಗೂ ಒಳಗಾಗದ ಮೂರು ನಾಲ್ಕು ಜನ ಸಿಬ್ಬಂದಿ. ಆ ಹುದ್ದೆಗಳನ್ನು ತುಂಬದೆ ಹೊಸ ತಂತ್ರಾಂಶಕ್ಕೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಎರಡನೆಯದು ರೈತನ ಕೈಯಲ್ಲೇ ಇದೆ. ಗೇಟಿನಲ್ಲಿ ಅಡತಿಯವರ ನಂಬರಿನ ಬದಲು ತನ್ನದೇ ಮೊಬೈಲ್ ನಂಬರ್ ಬರೆಸುವುದು, ಲಾಟಿನ ಚೀಟಿ ಇಟ್ಟುಕೊಳ್ಳುವುದು, ಟೆಂಡರ್ ಪಟ್ಟಿಯಲ್ಲಿ ತನ್ನ ಲಾಟಿನ ಪಕ್ಕದ ಲಾಟುಗಳಿಗೆ ಎಷ್ಟು ಬಿದ್ದಿದೆ ಎಂದು ನೋಡುವುದು, ತೂಕಕ್ಕೆ ಮುಂಚೆಯೇ ಒಪ್ಪಿಗೆಯ ಮಾತು ಮುಗಿಸುವುದು, ಲೆಕ್ಕದ ಚೀಟಿಯಲ್ಲಿ ದಲಾಲಿ ಕಡಿದಿದ್ದರೆ ಎಪಿಎಂಸಿ ಕಾರ್ಯದರ್ಶಿಗೆ ಬರೆದುಕೊಡುವುದು. ಹೆಸರು, ಉದ್ದು ಬರುವ ಭಾದ್ರಪದದಲ್ಲಿ ಮಳೆ ಹಿಡಿದುಕೊಂಡರೆ ಮಾಲು ಉಳಿಸಿಕೊಳ್ಳುವುದು ಕಷ್ಟ, ಕಾಳು ಬಣ್ಣ ಕಳೆದುಕೊಳ್ಳುತ್ತದೆ; ಆಗ ಸಿಕ್ಕ ದರಕ್ಕೆ ಕೊಡುವುದೇ ಸರಿಯಾಗಬಹುದು. ಚಳಿಗಾಲದ ಒಣ ತೊಗರಿಗೆ ಆ ಅವಸರವಿಲ್ಲ. ಚೆನ್ನಾಗಿ ಒಣಗಿಸಿಟ್ಟ ತೊಗರಿ ವಾರದಲ್ಲಿ ಕೆಡುವುದಿಲ್ಲ, ಮತ್ತು ಮರುದಿನವೂ ಗಂಜಿನಲ್ಲಿ ಟೆಂಡರ್ ಇರುತ್ತದೆ.